ಗ್ರೂವಿಂಗ್ ಮೆಷಿನ್‌ಗಿಂತ ಮೊದಲು ಸ್ಟ್ಯಾಂಡಿಗೆ ಹಣ ಎತ್ತಿಡಿ

ಹನ್ನೆರಡು ಇಂಚಿನವರೆಗಿನ ಪೈಪಿಗೆ ಆಗುವ ಹೈಡ್ರಾಲಿಕ್ ಗ್ರೂವಿಂಗ್ ಮೆಷಿನ್ (ಪೈಪುಗಳನ್ನು ಜೋಡಿಸುವ ಕಪ್ಲಿಂಗ್ ಕೂರಲೆಂದು ಪೈಪಿನ ತುದಿಯ ಸುತ್ತ ಗ್ರೂವ್ ಎಂಬ ತೋಡು ಒತ್ತುವ ಯಂತ್ರ) ಕೊಳ್ಳಬೇಕೋ, ಆರು ಇಂಚಿಗೆ ನಿಲ್ಲುವ ಚಿಕ್ಕದು ಸಾಕೋ ಎಂದು ಕೇಳಿದ್ದೀರಿ. ಪೀಣ್ಯದಲ್ಲಿ ಶೆಡ್ ಹಿಡಿದಾಗ ನಾನೂ ಇದನ್ನೇ ಕೇಳುತ್ತ ತಿರುಗಿದವನು. ಫೈರ್ ಸ್ಪ್ರಿಂಕ್ಲರ್ ಲೈನಿನ ಕೆಲಸ ಕೈಯಲ್ಲಿದ್ದುದರಿಂದ ದೊಡ್ಡದನ್ನೇ ತಂದೆ. ಅಷ್ಟಕ್ಕೇ ಹಣ ಮುಗಿದುಹೋದ ಕಾರಣ, ಪೈಪಿನ ಹಿಂಬದಿಯನ್ನು ಹೊರಲು ಆಂಗಲ್ ತುಂಡುಗಳಿಂದ ಸ್ಟ್ಯಾಂಡೊಂದನ್ನು ನಾನೇ ವೆಲ್ಡ್ ಮಾಡಿ, ಮೇಲೆ ಎರಡು ಬೇರಿಂಗ್ ಕೂರಿಸಿದೆ. ಅದರ ಎತ್ತರವನ್ನು ಏರಿಸಿ ಇಳಿಸುವ ವ್ಯವಸ್ಥೆ ಇರಲಿಲ್ಲ.

ಕೆಟ್ಟದ್ದು ಅಲ್ಲಿಯೇ. ತೊಳೆದ ನೀರು ಹರಿದುಹೋಗಲೆಂದು ನಮ್ಮ ಶೆಡ್ಡಿನ ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿ ಹಾಕಿದ್ದರು. ಮೆಷಿನ್ ಬಾಗಿಲ ಬಳಿ ತಗ್ಗಿನಲ್ಲಿ, ಸ್ಟ್ಯಾಂಡ್ ಒಳಗೆ ಎತ್ತರದಲ್ಲಿ ನಿಂತವು. ಆರು ಮೀಟರಿನ ಪೈಪು ಹೂಡಿದಾಗ ಅದರ ಹಿಂದಿನ ತುದಿ ಮಟ್ಟಕ್ಕಿಂತ ತುಸು ಮೇಲೆದ್ದಿರುತ್ತಿತ್ತು, ಕಣ್ಣಿಗೆ ಕಾಣುವಷ್ಟಲ್ಲ. ಹಾಗೆ ಎದ್ದ ಪೈಪು ಮೆಷಿನ್ನಿನ ಕೆಳಗಿನ ರೋಲಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಮೇಲಿನ ರೋಲ್ ಒತ್ತಿದಂತೆ ಗ್ರೂವ್ ಬೀಳುತ್ತದೆ ನಿಜ, ಆದರೆ ಜೊತೆಗೆ ಪೈಪಿನ ಬಾಯಿ ಹೊರಕ್ಕೆ ಅರಳುತ್ತದೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ನಾನು ನೇರವಾಗಿ ವ್ಯಾಸವನ್ನೇ ತೋರಿಸುವ ಪೈ ಟೇಪು ಸುತ್ತಿ ಗ್ರೂವಿನ ವ್ಯಾಸವನ್ನು ಮಾತ್ರ ಅಳೆಯುತ್ತಿದ್ದೆ, ಅದು ಪ್ರತಿ ಸಲವೂ ಸರಿಯಾಗಿಯೇ ಬರುತ್ತಿತ್ತು. ಬಾಯಿಯ ವ್ಯಾಸವನ್ನು ಅಳೆಯಬೇಕೆಂದು ಹೊಳೆಯಲೇ ಇಲ್ಲ. ಅಳತೆ ಸರಿಯಿದೆ ಎಂಬ ಆ ನೆಮ್ಮದಿಯಿಂದಲೇ ಒಂದಿಡೀ ಮಹಡಿಯ ಪೈಪು ಸೈಟಿಗೆ ಹೋಯಿತು.

ಫಿಟ್ಟರುಗಳು ಕಪ್ಲಿಂಗಿನ ಎರಡು ಹೋಳುಗಳು ಕೂಡುತ್ತಿಲ್ಲವೆಂದು ಬೋಲ್ಟನ್ನು ಬಲವಂತವಾಗಿ ಬಿಗಿದರು. ಲೈನಿಗೆ ನೀರು ತುಂಬಿ 200 ಪಿಎಸ್‌ಐ ಒತ್ತಡದಲ್ಲಿ 2 ಗಂಟೆ ಇಟ್ಟು ನೋಡುವ ಹೈಡ್ರೋ ಟೆಸ್ಟ್ ಆರಂಭವಾದಾಗ ಸಾಲುಸಾಲಾಗಿ ಕಪ್ಲಿಂಗುಗಳು ತೊಟ್ಟಿಕ್ಕಿದವು. ಅರಳಿದ ಬಾಯಿಯನ್ನು ಮತ್ತೆ ಕುಗ್ಗಿಸಲು ಬರುವುದಿಲ್ಲ, ಆ ತುದಿಯನ್ನು ಕತ್ತರಿಸಿ ಹೊಸ ಗ್ರೂವ್ ಹಾಕಬೇಕು. ಕತ್ತರಿಸಿದೊಡನೆ ಪೈಪು ಗಿಡ್ಡವಾಗಿ, ಅಳತೆ ಮಾಡಿ ತೂಗುಹಾಕಿದ ಲೈನು ಮುಂದಿನ ಕವಲಿಗೆ ಮುಟ್ಟುವುದಿಲ್ಲ. ಹೊಸ ಪೈಪು, ಹೊಸ ಗ್ಯಾಸ್ಕೆಟ್, ಎರಡನೆಯ ಸಲದ ಕೂಲಿ ಎಲ್ಲವೂ ನನ್ನ ತಲೆಗೇ ಬಂದವು. ಒಳ್ಳೆಯ ರೋಲರ್ ಸ್ಟ್ಯಾಂಡಿನ ಬೆಲೆ ಅದರ ಮುಂದೆ ಏನೂ ಅಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಇಂಚಿನ ಮೆಷಿನ್ ಎಂಬುದು ಕೊನೆಗೆ ತೀರ್ಮಾನಿಸಬೇಕಾದ ವಿಷಯ. ಮೊದಲು ಎತ್ತರ ಹೊಂದಿಸಬಹುದಾದ ಎರಡು ಸ್ಟ್ಯಾಂಡು, ಸ್ಪಿರಿಟ್ ಲೆವೆಲ್, ಪೈ ಟೇಪು ಕೊಳ್ಳಿ, ಮೆಷಿನ್ ನಿಲ್ಲುವ ಜಾಗಕ್ಕೆ ಮಟ್ಟಸವಾದ ಕಾಂಕ್ರೀಟ್ ಹಾಕಿಸಿ. 150 ಎಂಎಂನ (ಆರು ಇಂಚಿನ) ಮೀಡಿಯಂ, ಅಂದರೆ ಮಧ್ಯಮ ದಪ್ಪದ ಗೋಡೆಯ ಪೈಪೊಂದು ಆರು ಮೀಟರಿಗೆ ನೂರು ಕೆಜಿ ಮೀರುತ್ತದೆ. ಅಷ್ಟು ತೂಕ ತಿರುಗುವಾಗ ಸ್ಟ್ಯಾಂಡ್ ಅಲುಗಿದರೆ ಯಾವ ಬ್ರ್ಯಾಂಡಿನ ಮೆಷಿನ್ನೂ ನಿಮ್ಮನ್ನು ಕಾಪಾಡದು. ಸ್ಟ್ಯಾಂಡನ್ನು ಪೈಪಿನ ಅರ್ಧ ಉದ್ದಕ್ಕಿಂತ ತುಸು ಆಚೆ ಇಡಿ. ಮೇಲಿನ ರೋಲನ್ನು ಇಳಿಸುವ ಪಂಪನ್ನು ಅವಸರದಿಂದ ಒತ್ತಿದರೂ ಫ್ಲೇರ್ ಬರುತ್ತದೆ ಎಂಬುದನ್ನು ಹುಡುಗರಿಗೆ ಮೊದಲೇ ಹೇಳಿಡಿ.

ಒತ್ತುವ ಬದಲು ಕೆತ್ತಿ ತೋಡು ಮಾಡುವ ಕಟ್ ಗ್ರೂವಿನಲ್ಲಿ ಈ ತಾಪತ್ರಯವಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಉಕ್ಕಿನ ಪೈಪಿನ ಭಾರತೀಯ ಮಾನದಂಡವಾದ ಐಎಸ್ 1239ರ 100 ಎಂಎಂ ಮೀಡಿಯಂ ಪೈಪಿನ ಗೋಡೆಯ ದಪ್ಪ 4.5 ಎಂಎಂ, ಗ್ರೂವಿನ ಆಳ 2.1 ಎಂಎಂನಷ್ಟು. ಅಷ್ಟನ್ನು ಕೆತ್ತಿ ತೆಗೆದರೆ ಉಳಿಯುವುದು ಅರ್ಧ ಗೋಡೆ ಮಾತ್ರ. ತೆಳು ಪೈಪಿಗೆ ರೋಲಿನಿಂದ ಒತ್ತುವ ರೋಲ್ ಗ್ರೂವೇ ಗತಿ.

ಇನ್ನೊಂದು ಮಾತು: ನಮ್ಮ ಐಎಸ್ 1239ರ ಆರು ಇಂಚಿನ ಪೈಪಿನ ಹೊರವ್ಯಾಸ 165.1 ಎಂಎಂ, ಅಮೆರಿಕನ್ ಅಳತೆಯದು 168.3 ಎಂಎಂ. ಎರಡಕ್ಕೂ ಕಪ್ಲಿಂಗ್ ಬೇರೆ, ಗ್ರೂವಿನ ಆಳಕ್ಕೆ ಮಿತಿ ಹಾಕುವ ಡೆಪ್ತ್ ಸ್ಟಾಪನ್ನೂ ಹೊಸದಾಗಿ ಹೊಂದಿಸಬೇಕು.

ಇಷ್ಟಾದ ಮೇಲೆ ಕೈಯಲ್ಲಿ ಉಳಿದ ಹಣಕ್ಕೆ ಆರು ಇಂಚಿನ ಮೆಷಿನ್ ಕೊಳ್ಳಿ. ಸ್ಪ್ರಿಂಕ್ಲರಿನ ಕವಲುಗಳೆಲ್ಲ ಅದರೊಳಗೇ ಮುಗಿಯುತ್ತವೆ. ಎಂಟು, ಹತ್ತು ಇಂಚಿನ ಹೆಡರ್ (ಕವಲುಗಳಿಗೆ ನೀರು ಕೊಡುವ ಮುಖ್ಯ ಪೈಪು) ಬಂದಾಗ ದೊಡ್ಡ ಶೆಡ್ಡಿನವರಿಗೆ ಜಾಬ್ ವರ್ಕಿಗೆ ಕೊಡಿ; ನನ್ನ ಹನ್ನೆರಡು ಇಂಚಿನ ರೋಲುಗಳು ಗ್ರೀಸ್ ಹಚ್ಚಿಸಿಕೊಂಡು ಪೆಟ್ಟಿಗೆಯಲ್ಲೇ ಇವೆ.