ಅಣ್ಣ ದಿನಾ ಕುಡಿಯುತ್ತಾನೆ, ದಾವಣಗೆರೆಯಲ್ಲಿದ್ದೇವೆ. ಮನೆಯಲ್ಲೇ ಕೂಡಿಹಾಕಿ ಬಿಡಿಸಬಹುದೇ?

ದಯವಿಟ್ಟು ಕೂಡಿಹಾಕಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ 6–8 ಗಂಟೆಯಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು. ಅದು ನಾಟಕವಲ್ಲ, ಜೀವಕ್ಕೇ ಅಪಾಯ. ಫಿಟ್ಸ್ ಬಂದರೆ ತಕ್ಷಣ 108.

ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ. ದಿನಕ್ಕೆಷ್ಟು ಕುಡಿತ, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಮುಚ್ಚಿಡದೆ ಹೇಳಿ. ನಿಶ್ಶಕ್ತಿ ಅಂತ ಬರೀ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ; ಕುಡಿಯುವವರಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ, ಮೊದಲು ಥಯಾಮಿನ್ (ಅದೇ ಬಿ1) ಚುಚ್ಚುಮದ್ದು ಬೇಕು, ಇಲ್ಲವಾದರೆ ಮಿದುಳಿಗೆ ಪೆಟ್ಟು. ಗುಟ್ಟಾಗಿ ಊಟಕ್ಕೆ ಮಾತ್ರೆ ಬೆರೆಸುವುದಂತೂ ಬೇಡವೇ ಬೇಡ: ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಮೇಲೆ ಕುಡಿದರೆ ಬಿಪಿ ಕುಸಿಯುತ್ತದೆ.

ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.