ರೋಟರಿ ಕ್ಲಬ್ಬಿನ ವಾರದ ಸಭೆಗೆ ಔಷಧ ಕಂಪನಿಯವರು ಮಾತಾಡೋಕೆ ಬರ್ತಾರಂತೆ. ಹೋಗಿ ಏನಾದರೂ ಉಪಯೋಗ ಇದೆಯಾ?

ಕಲಬುರಗಿಗೆ ವರ್ಗವಾಗಿ ಬಂದು ಮೂರು ತಿಂಗಳಾಯಿತು, ಆಫೀಸಿನವರೊಬ್ಬರು ತಮ್ಮ ಕ್ಲಬ್ಬಿಗೆ ಅತಿಥಿಯಾಗಿ ಕರೆದಿದ್ದಾರೆ, ಅಲ್ಲಿ ನಡೆಯೋದು ಬರೀ ಜಾಹೀರಾತಾ ಅಂತ ಕೇಳಿದ್ದೀರಿ. ಹೋಗಿ ಬನ್ನಿ. ಹೋಗುವಾಗ ನಿಮ್ಮ ಮನೆಯಲ್ಲಿ ದಿನಾ ನುಂಗುವ ಗುಳಿಗೆಯ ಸ್ಟ್ರಿಪ್ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಯಾಕೆ ಅಂತ ಹೇಳುತ್ತೇನೆ.

ನಾನು ಆಳಂದ, ಜೇವರ್ಗಿ, ಕೊನೆಗೆ ಕಲಬುರಗಿ ಅಂತ ಸರ್ಕಾರಿ ದವಾಖಾನೆಗಳಲ್ಲಿ 31 ವರ್ಷ ಗುಳಿಗೆ ಎಣಿಸಿ ಕೊಟ್ಟ ಫಾರ್ಮಾಸಿಸ್ಟ್. ನಿವೃತ್ತಿಯಾದ ಮೇಲೆ ಇಲ್ಲಿನ ಒಂದು ರೋಟರಿ ಕ್ಲಬ್ ಸೇರಿದೆ. ಸೇರಲು ಕಾರಣ ಪೋಲಿಯೊ. ಭಾನುವಾರದ ಬೂತುಗಳಲ್ಲಿ ನಮ್ಮ ಪಕ್ಕ ಕೂತು, ತಾಂಡಾಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ ನಮ್ಮ ಜೊತೆ ನಡೆದು ಬಂದವರು ಈ ಕ್ಲಬ್ಬಿನ ಮಂದಿ. ದೇಶದ ಕೊನೆಯ ವೈಲ್ಡ್ ಪೋಲಿಯೊ, ಅಂದರೆ ಸಹಜ ವೈರಸ್ಸಿನಿಂದ ಬರುವ ಪೋಲಿಯೊ, ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂದ ಸುದ್ದಿ ಕೇಳಿ ನಾನು ಔಷಧಿ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತಿದ್ದೆ. ಆ ಕೆಲಸದಲ್ಲಿ ಕೈಜೋಡಿಸಿದವರ ಮೇಲೆ ನನಗೆ ಗೌರವ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಭೆಯ ಕ್ರಮ ಸರಳ. ಅಧ್ಯಕ್ಷರು ಕೊರಳಿಗೆ ಕಾಲರ್ ಅನ್ನುವ ಪದವಿಯ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಕಾರ್ಯದರ್ಶಿಯ ಪ್ರಕಟಣೆ, ಆ ವಾರ ಹುಟ್ಟುಹಬ್ಬ ಇದ್ದವರಿಗೆ ಚಪ್ಪಾಳೆ. ಆಮೇಲೆ ಅತಿಥಿಯ ಪರಿಚಯ, ಭಾಷಣ, ಪ್ರಶ್ನೆ, ವಂದನಾರ್ಪಣೆ, ಊಟ. ಊಟಕ್ಕೆ ಅವರು ಫೆಲೋಶಿಪ್ ಅನ್ನುತ್ತಾರೆ. ನಮ್ಮಲ್ಲಿ ನಾಲ್ಕು ಪ್ರಶ್ನೆಗಳ ಒಂದು ಪಾಠವನ್ನೂ ಎದ್ದು ನಿಂತು ಹೇಳುತ್ತೇವೆ: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಇದರಿಂದ ಸ್ನೇಹ ಬೆಳೆಯುತ್ತದೆಯೇ, ಎಲ್ಲರಿಗೂ ಹಿತವೇ. ಹರ್ಬರ್ಟ್ ಟೇಲರ್ ಅನ್ನುವ ಅಮೆರಿಕದ ವ್ಯಾಪಾರಿ 1932ರಲ್ಲಿ ಮುಳುಗುತ್ತಿದ್ದ ತನ್ನ ಕಂಪನಿಯನ್ನು ದಾರಿಗೆ ತರಲು ಬರೆದುಕೊಂಡದ್ದು. ವ್ಯಾಪಾರದವನೇ ವ್ಯಾಪಾರಕ್ಕೆ ಹಾಕಿಕೊಂಡ ಬೇಲಿ ಅದು. ಹಾಗಾಗಿ ಕಂಪನಿಯವರು ಮಾತಾಡುವ ದಿನ ಅದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ನಿಮ್ಮ ಅನುಮಾನ ಸುಳ್ಳೇನಲ್ಲ. ನಾನು ಸೇರಿದ ಮೊದಲ ವರ್ಷ ಬೇರೆ ಊರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಪ್ರಚಾರ ವಿಭಾಗದವರು ಬಂದಿದ್ದರು. ಪರದೆಯ ಮೇಲೆ ಹೊಳೆಯುವ ಕಟ್ಟಡ, ಯಂತ್ರ, ಗುಣವಾದವರ ನಗು. ಐವತ್ತು ನಿಮಿಷ ಮಾತಾಡಿದರು. ಪ್ರಶ್ನೆಗೆ ಸಮಯವೇ ಉಳಿಯಲಿಲ್ಲ. ಬಾಗಿಲಲ್ಲಿ ನಿಂತು ತಪಾಸಣೆಯ ರಿಯಾಯಿತಿ ಚೀಟಿ ಹಂಚಿ ಹೋದರು. ನಮ್ಮ ಸದಸ್ಯರೊಬ್ಬರು ಆ ಚೀಟಿ ಹಿಡಿದು ಹೋಗಿ, ಒಂದು ತಪಾಸಣೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಲೆದು, ಕೊನೆಗೆ ಏನೂ ಇಲ್ಲ ಅಂತ ಕೇಳಿಸಿಕೊಂಡು ಬಂದರು. ಆ ಮನುಷ್ಯನ ಮುಖ ನೋಡಲು ನನಗೆ ಸಂಕಟವಾಯಿತು. ಕರೆಸಿದವರು ನಾವೇ ಅಲ್ಲವೇ? ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಹಟ ಹಿಡಿದು ನಿಯಮ ಮಾಡಿಸಿದೆ. ಅತಿಥಿ ಯಾರ ಸಂಬಳದಲ್ಲಿ ಇದ್ದಾರೆ ಅಂತ ಮೊದಲ ವಾಕ್ಯದಲ್ಲೇ ಹೇಳಬೇಕು, ಭಾಷಣ 20 ನಿಮಿಷ, ಪ್ರಶ್ನೆಗೆ ಕನಿಷ್ಠ 15 ನಿಮಿಷ, ಚೀಟಿ ಹಂಚುವಂತಿಲ್ಲ. ನಿಮ್ಮನ್ನು ಕರೆದವರನ್ನು ಫೋನಿನಲ್ಲಿ ಇದೊಂದನ್ನೇ ಕೇಳಿ: ಪ್ರಶ್ನೆಗೆ ಎಷ್ಟು ಹೊತ್ತು ಇಟ್ಟಿದ್ದೀರಿ? ಉತ್ತರ ತಡವರಿಸಿದರೆ ಆ ವಾರ ಬಿಟ್ಟು ಇನ್ನೊಂದು ವಾರ ಹೋಗಿ.

ಈಗ ಒಳ್ಳೆಯ ಸಭೆಯ ವಿಷಯ. ಹೋದ ಏಪ್ರಿಲ್‌ನಲ್ಲಿ ಹೈದರಾಬಾದಿನ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವರು ಬಂದಿದ್ದರು. ಮೂಲ ಹುಮನಾಬಾದ್ ಕಡೆಯವರು, ಕನ್ನಡ ಚೆನ್ನಾಗಿತ್ತು. ಪರದೆ ಬೇಡ ಅಂದರು. "ಯಾರ ಕಿಸೆದಾಗ ಗುಳಿಗಿ ಅದಾವ, ತೆಗೀರಿ" ಅಂದರು. ದಾಲ್ ಮಿಲ್‌ನವರು, ವಕೀಲರು, ಕಾಲೇಜಿನ ಮೇಷ್ಟ್ರು, ಒಬ್ಬೊಬ್ಬರೇ ಅಂಗಿ ಕಿಸೆಗೆ ಕೈ ಹಾಕಿದರು. ಹತ್ತಾರು ವರ್ಷದಿಂದ ಒಟ್ಟಿಗೆ ಊಟ ಮಾಡುವವರಿಗೆ ಪಕ್ಕದವನಿಗೂ ಸಕ್ಕರೆ ಬ್ಯಾನಿ ಇದೆ ಅಂತ ಗೊತ್ತಾಗಿದ್ದು ಅವತ್ತು.

ಆಮೇಲೆ ಸ್ಟ್ರಿಪ್ ಓದುವುದನ್ನು ಕಲಿಸಿದರು. ಕಂಪನಿ ಇಟ್ಟ ಹೆಸರು ಯಾವುದು, ಒಳಗಿನ ಔಷಧದ ಹೆಸರು ಯಾವುದು, ಒಟ್ಟಿಗೆ ತಯಾರಾದ ಗುಳಿಗೆಗಳ ಗುರುತಾದ ಬ್ಯಾಚ್ ನಂಬರ್ ಎಲ್ಲಿರುತ್ತದೆ, ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಯಾಕೆ ಕೊಳ್ಳಬಾರದು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲ್ ಹಿಡಿದರೆ ತಯಾರಕರ ವಿಳಾಸ, ಬ್ಯಾಚ್, ಲೈಸೆನ್ಸ್ ನಂಬರ್, ಅವಧಿ ಎಲ್ಲ ಬರಬೇಕು. ಎಲ್ಲರೂ ಹಿಡಿದು ನೋಡಿದರು. 31 ವರ್ಷ ಕೌಂಟರಿನ ಆಚೆ ನಿಂತು ನಾನು ಇಷ್ಟು ತಾಳ್ಮೆಯಿಂದ ಯಾರಿಗೂ ಹೇಳಲು ಆಗಿರಲಿಲ್ಲ. ಸಾಲು ಅಷ್ಟು ಉದ್ದ ಇರುತ್ತಿತ್ತು.

ಪ್ರಶ್ನೆ ಶುರುವಾಗಿದ್ದು ದುಡ್ಡಿನಿಂದ. ಗಂಜ್‌ನಲ್ಲಿ ತೊಗರಿ ಅಡತಿ ಮಾಡುವವರೊಬ್ಬರು ಕೇಳಿದರು: "ಅದೇ ಗುಳಿಗಿ, ಅದೇ 500, ಒಂದು ಅಂಗಡ್ಯಾಗ ಒಂದು ರೇಟು, ಜನೌಷಧಿ ಕೇಂದ್ರದಾಗ ಇನ್ನೊಂದು. ನಾವು ತೊಗರಿಗೆ ಹಿಂಗ ಮಾಡಿದ್ರ ಬಿಡ್ತೀರೇನ್ರಿ?" ಅತಿಥಿ ಮುಚ್ಚಿಡಲಿಲ್ಲ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರುವುದಕ್ಕೆ ಸರ್ಕಾರದ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಕಟ್ಟುತ್ತದೆ, ಅಂಗಡಿಗೆ ಕೊಡುವ ಬೆಲೆಯ ಮೇಲೆ ಶೇ. 16 ಅಂಗಡಿಯವರ ಪಾಲು ಅಂತ ಅದರಲ್ಲಿ ಸೇರಿರುತ್ತದೆ. ಪಟ್ಟಿಯ ಹೊರಗಿನದಕ್ಕೆ ಮೊದಲ ಬೆಲೆ ಕಂಪನಿಯೇ ಇಡುತ್ತದೆ, ಆಮೇಲೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಅಷ್ಟೇ. ಪಟ್ಟಿಯಲ್ಲಿ ಇರುವ ಔಷಧವೂ ಮಿತಿಯ ಕೆಳಗೆ ಬೇರೆ ಬೇರೆ ಬೆಲೆಗೆ ಸಿಗಬಹುದು. ಬ್ರ್ಯಾಂಡಿನ ಬೆಲೆಯಲ್ಲಿ ಔಷಧದ ಖರ್ಚಿನ ಜೊತೆ ಅದನ್ನು ವೈದ್ಯರ ಬಾಗಿಲವರೆಗೆ ಹೊತ್ತು ತಿರುಗುವವರ ಖರ್ಚೂ ಇದೆ ಅಂತ ಅವರೇ ಹೇಳಿದರು. ಕಂಪನಿಯವರ ಬಾಯಿಂದ ಈ ಮಾತು ಕೇಳಿದ್ದು ನನಗೆ ಅದೇ ಮೊದಲು.

ಇನ್ನೊಂದು ಪ್ರಶ್ನೆ ಕೋಣೆಯನ್ನು ತಣ್ಣಗಾಗಿಸಿತು. ಕೇಳಿದ್ದು ನಿಮ್ಮ ಹಾಗೇ ಆಹ್ವಾನದ ಮೇಲೆ ಬಂದಿದ್ದ ಹುಡುಗಿ, ಏಳು ತಿಂಗಳ ಬಸುರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಅವರಿಗೆ ಏರಿಸಿದ ಸಲೈನಿನ ಮೇಲೆ ಅನುಮಾನ ಬಂತಲ್ಲ, ನನಗೂ ಹಾಗೆ ಆಗುವುದಿಲ್ಲ ಅಂತ ಯಾರು ಹೇಳುತ್ತಾರೆ ಅಂತ ಕೇಳಿದಳು. ಅತಿಥಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಭರವಸೆ ಕೊಡಲಿಲ್ಲ, ವಿವರಿಸಿದರು. ರಕ್ತಕ್ಕೆ ನೇರ ಹೋಗುವ ದ್ರಾವಣದಲ್ಲಿ ಜೀವಂತ ರೋಗಾಣು ಇಲ್ಲದಿದ್ದರೆ ಸಾಲದು, ಸತ್ತ ರೋಗಾಣುವಿನ ಹೊದಿಕೆಯ ಚೂರು ಉಳಿದರೂ ಜ್ವರ, ಆಘಾತ ಬರಬಹುದು. ಅದಕ್ಕೆ ಎಂಡೋಟಾಕ್ಸಿನ್ ಪರೀಕ್ಷೆ ಅಂತ ಬೇರೆಯೇ ಇದೆ. ಎಲ್ಲ ಬಾಟಲಿಯನ್ನೂ ಪರೀಕ್ಷಿಸಲು ಆಗುವುದಿಲ್ಲ, ಬ್ಯಾಚಿನಿಂದ ಕೆಲವನ್ನು ತೆಗೆಯುತ್ತಾರೆ. ಗುಣಮಟ್ಟದಲ್ಲಿ ಬಿದ್ದವುಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುತ್ತದೆ. "ನಿನ್ನ ಮನಿಯವರಿಗೆ ಹೇಳವ್ವ, ಏರಿಸೋ ಬಾಟ್ಲಿದು ಬ್ಯಾಚ್ ನಂಬರ್ ಕಾಣೋ ಹಂಗ ಒಂದು ಫೋಟೊ ತೆಗಿ ಅಂತ. ಏನರೆ ಆದ್ರ ಹುಡುಕಾಕ ದಾರಿ ಅದೊಂದ" ಅಂದರು. ಔಷಧದಿಂದ ತೊಂದರೆ ಆದರೆ ಹೇಳಿಕೊಳ್ಳಲು ಸರ್ಕಾರದ ಉಚಿತ ಸಹಾಯವಾಣಿ 1800-180-3024 ಇದೆ ಅಂತ ನಾನು ಎದ್ದು ನಿಂತು ಸೇರಿಸಿದೆ. ನೀವೂ ಬರೆದಿಟ್ಟುಕೊಳ್ಳಿ. ಆ ಹುಡುಗಿಗೆ ಜೂನ್‌ನಲ್ಲಿ ಹೆರಿಗೆಯಾಯಿತು, ಇಬ್ಬರೂ ಆರಾಮ ಇದ್ದಾರೆ.

ಅವತ್ತಿನ ದೊಡ್ಡ ಪ್ರಶ್ನೆ ಕೇಳಿದ್ದು ಮಾತ್ರ ಚಹಾ ಕೊಡಲು ಬಂದಿದ್ದ ಹೆಂಗಸು. ಟ್ರೇ ಕೆಳಗಿಟ್ಟು, "ಸಾಹೇಬ್ರ, ನಂದೊಂದು ಕೇಳ್ಲೇನ್ರಿ" ಅಂದಳು. ಅಧ್ಯಕ್ಷರು ಮೈಕನ್ನು ತಾವೇ ಅವಳ ಕೈಗೆ ಕೊಟ್ಟರು. "ಡಬ್ಬಿ ಮ್ಯಾಲ 30 ಡಿಗ್ರಿ ಒಳಗ ಇಡ್ರಿ ಅಂತ ಬರದೀರಂತ. ನಮ್ಮದು ಪತ್ರಾಸಿನ (ತಗಡಿನ) ಮನಿ. ಮೇ ತಿಂಗಳದಾಗ ರಾತ್ರಿ ಹತ್ತಕ್ಕೂ ಅಷ್ಟು ತಂಪು ಆಗಂಗಿಲ್ರಿ. ಫ್ರಿಜ್ ಇಲ್ಲ. ನಮ್ಮವರಿಗಿ ಸಕ್ಕರಿ ಇಂಜೆಕ್ಷನ್ ಅದ. ಎಲ್ಲಿಡ್ಲಿ?"

ಕಲಬುರಗಿಯ ಬೇಸಿಗೆ ನಿಮಗಿನ್ನೂ ಗೊತ್ತಿಲ್ಲ, ಈ ಸಲ ನೋಡುತ್ತೀರಿ. 42 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅವಳು ಹೇಳಿದ ಸಕ್ಕರೆ ಇಂಜೆಕ್ಷನ್ ಅಂದರೆ ಇನ್ಸುಲಿನ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸುತ್ತಿರುವುದು 30ರ ಒಳಗೆ ಸುಮಾರು ನಾಲ್ಕು ವಾರ ತಾಳುತ್ತದೆ. ಬಿಸಿಗೆ ಅದರ ಶಕ್ತಿ ಕುಂದುತ್ತದೆ, ನೋಡಲು ಬಾಟಲಿ ಮೊದಲಿನ ಹಾಗೇ ಇರಬಹುದು. ಮನೆಯವರು ಸೂಜಿ ತಪ್ಪಿಸಿಲ್ಲ ಅನ್ನುತ್ತಾರೆ, ಸಕ್ಕರೆ ಏರುತ್ತದೆ, ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಇಂಥ ಎಷ್ಟು ಮನೆಗಳ ಚೀಟಿ ನನ್ನ ಕೈ ದಾಟಿ ಹೋಗಿದೆಯೋ! ಎಲ್ಲಿಡುತ್ತೀರಿ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ. ಆ ಸಂಕಟ ಈಗಲೂ ಇದೆ.

ಅತಿಥಿ ಕಿಸೆಯಿಂದ ಡೈರಿ ತೆಗೆದು ಅವಳ ಮಾತನ್ನು ಬರೆದುಕೊಂಡರು. ನಮ್ಮ ಕೋಣೆಗಳೆಲ್ಲ ಎಸಿ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ ತಾಯಿ ಅಂದರು. ಆಮೇಲೆ ಅವರೂ ನಾನೂ ಸೇರಿ ಅವಳಿಗೆ ಹೇಳಿದ್ದು ಗಡಿಗೆಯ ಉಪಾಯ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದು, ನಡುವೆ ಒದ್ದೆ ಉಸುಕು, ಔಷಧಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿಕ್ಕ ಗಡಿಗೆಯ ಒಳಗೆ, ಮೇಲೆ ಹಸಿ ಬಟ್ಟೆ, ನೆರಳು, ಗಾಳಿ. ಫ್ರಿಜ್ಜಿಗೆ ಸಮ ಅಲ್ಲ. ಬಳಸುತ್ತಿರುವ ಬಾಟಲಿಗೆ ನಮ್ಮ ಒಣ ಹವೆಯಲ್ಲಿ ಸಾಕಷ್ಟು ಆಸರೆ. ತೆರೆಯದ ಬಾಟಲಿಯನ್ನು ಫ್ರಿಜ್ ಇದ್ದ ಮನೆಯಲ್ಲೋ ಔಷಧಿ ಅಂಗಡಿಯಲ್ಲೋ ಇಡಿಸಿ ಬೇಕಾದಾಗ ತರಬೇಕು, ಹೆಪ್ಪುಗಟ್ಟಲು ಮಾತ್ರ ಬಿಡಬಾರದು.

ಮರುವಾರ ಕ್ಲಬ್ಬು ಕುಂಬಾರರಿಂದ ಗಡಿಗೆ ಕೊಂಡಿತು. ಈಗ ತಿಂಗಳಿಗೆ ಎರಡು ಶನಿವಾರ ನಾನು ಮತ್ತು ಇನ್ನಿಬ್ಬರು ಆಳಂದ, ಚಿತ್ತಾಪುರ ಕಡೆಯ ಹಳ್ಳಿಗಳಲ್ಲಿ ಮಹಿಳಾ ಸಂಘಗಳ ಜೊತೆ ಕೂತು ಸ್ಟ್ರಿಪ್ ಓದಿಸುತ್ತೇವೆ, ಗಡಿಗೆ ಹೂಡಿ ತೋರಿಸುತ್ತೇವೆ. ಅತಿಥಿ ಮೇ ಕೊನೆಯಲ್ಲಿ ಫೋನ್ ಮಾಡಿ, ಆ ತಾಯಿಯ ಗಡಿಗೆ ಹೇಗಿದೆ ಅಂತ ವಿಚಾರಿಸಿದರು.

ನಿಮ್ಮ ಸಭೆಗೆ ಬರುವವರು ಹೀಗೇ ಇರುತ್ತಾರೆ ಅಂತ ನಾನು ಹೇಳಲಾರೆ. ಭಾಷಣ ಇಂಗ್ಲಿಷಿನಲ್ಲಿ ಇದ್ದರೂ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ, ಸ್ಟ್ರಿಪ್ ಎತ್ತಿ ತೋರಿಸಿ ಕೇಳಿ. ಏಳೂವರೆ ಅಂದರೆ ಏಳೂವರೆಗೇ ಗಂಟೆ ಬಾರಿಸುತ್ತಾರೆ. ಮುಂದಿನ ಎರಡು ಸಾಲಿನಲ್ಲಿ ಕೂತುಕೊಳ್ಳಿ, ಹಿಂದೆ ಕೂತವರ ಹತ್ತಿರ ಮೈಕು ಬರುವ ಹೊತ್ತಿಗೆ ಊಟದ ತಟ್ಟೆ ಸದ್ದು ಶುರುವಾಗಿರುತ್ತದೆ.