ಒಂದೇ ಮರವಾಗಿ ಕಾಣುವ ಮೂರು ಮರಗಳು

ಪ್ರಶ್ನೆ: ನಿವೃತ್ತಿಯ ನಂತರ ಜಲವರ್ಣ ಕಲಿಯುತ್ತಿದ್ದೇನೆ. ಮನೆಯ ಮುಂದಿನ ಹೊಂಗೆ, ಬೇವು, ಹುಣಿಸೆ ಮರಗಳನ್ನು ಎಷ್ಟು ಬಾರಿ ಬರೆದರೂ ಮೂರೂ ಒಂದೇ ಮರದಂತೆ ಕಾಣುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ನೋಡಿ ಬರೆದರೆ ಸರಿಹೋದೀತೇ?
– ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಶಾಲೆಯ ದಿನಗಳಿಂದ ನಮ್ಮೆಲ್ಲರ ಕೈಗೂ ಒಂದು ಮರ ರೂಢಿಯಾಗಿರುತ್ತದೆ, ಕಂದು ಕಾಂಡದ ಮೇಲೆ ಹಸಿರು ಮೋಡ ಕೂರಿಸಿದಂಥದ್ದು, ಎದುರಿಗೆ ಯಾವ ಮರವಿದ್ದರೂ ಕೈ ಅದನ್ನೇ ಬರೆದುಬಿಡುತ್ತದೆ. ಫೋಟೊ ನೋಡಿ ಬರೆದರೂ ಈ ರೂಢಿ ತಪ್ಪುವುದಿಲ್ಲ.

ಕೆಲವು ದಿನ ಬಣ್ಣವನ್ನೂ ಇಡೀ ಮರವನ್ನೂ ಬದಿಗಿಟ್ಟು, ಒಂದೊಂದೇ ರೆಂಬೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಹೊಂಗೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಐದೋ ಏಳೋ ಎಲೆಗಳಿದ್ದು, ತುದಿಯಲ್ಲಿ ಒಂಟಿ ಎಲೆಯಿರುತ್ತದೆ. ಹುಣಿಸೆಯ ಕಡ್ಡಿಯಲ್ಲಿ ಹತ್ತು ಅಥವಾ ಅದಕ್ಕೂ ಹೆಚ್ಚು ಜೋಡಿಗಳಿದ್ದು, ತುದಿಯಲ್ಲಿಯೂ ಜೋಡಿಯೇ ಇರುತ್ತದೆ. ಬೇವಿನ ಎಲೆಯ ಅಂಚು ಗರಗಸದಂತಿರುವುದು ಎಲ್ಲರಿಗೂ ಗೊತ್ತು, ಆದರೆ ಅದರ ನಡುನರದ ಎರಡು ಬದಿಗಳು ಸಮವಲ್ಲವೆಂಬುದನ್ನು, ವರ್ಷವರ್ಷವೂ ಯುಗಾದಿಗೆ ಬೇವು ಕೊಯ್ದು ತಂದಿದ್ದರೂ, ಬರೆಯಲು ಕುಳಿತ ದಿನದವರೆಗೆ ನಾನು ಕಂಡಿರಲಿಲ್ಲ. ಗೆರೆ ಎಲ್ಲಿ ಬಾಗಬೇಕೆಂದು ತಿಳಿಯದೆ ಪೆನ್ಸಿಲು ನಿಂತಾಗ ಮಾತ್ರ ಕಣ್ಣು ಮತ್ತೊಮ್ಮೆ ಎಲೆಯತ್ತ ಹೋಗುತ್ತದೆ.

ಬಣ್ಣಕ್ಕೆ ಬಂದಾಗ, ಡಬ್ಬಿಯಲ್ಲಿರುವ ಸಿದ್ಧ ಹಸಿರನ್ನು ಹಾಗೆಯೇ ಬಳಿಯಬೇಡಿ. ಹಳದಿಗೆ ನೀಲಿ ಬೆರೆಸಿ, ಬೇಕೆನಿಸಿದರೆ ಚೂರು ಕೆಂಪು ಸೇರಿಸಿ, ಎಲೆಯ ಪಕ್ಕದಲ್ಲಿಟ್ಟು ಹೋಲಿಸಿ. ಬೇಸಿಗೆಯ ಆರಂಭದಲ್ಲಿ ಕೆಂಪು ಛಾಯೆಯಿಂದ ಹೊರಡುವ ಹೊಂಗೆಯ ಚಿಗುರು ಮಿರುಗುವ ತಿಳಿಹಸಿರಾಗಿ, ಬಳಿಕ ಕಡುಹಸಿರಾಗುತ್ತದೆ. ಒಂದೇ ರೆಂಬೆಯನ್ನು ವಾರಕ್ಕೊಮ್ಮೆ ಬರೆದು ದಿನಾಂಕ ಹಾಕಿದರೆ ಈ ಬದಲಾವಣೆ ನಿಮ್ಮ ಪುಸ್ತಕದಲ್ಲಿ ಉಳಿಯುತ್ತದೆ.

ಹಾರುವ ಹಕ್ಕಿಗಾದರೆ ಫೋಟೊ ನೆರವಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ತಾಲ್ಲೂಕಿನದೇ ಆದ ಕಗ್ಗಲಡು ಗ್ರಾಮದ ಹುಣಿಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಅದೂ ಬೇಡ; ಗೂಡಿನ ಬಳಿ ಅವು ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತವೆ. ಬಾಲದ ಹತ್ತಿರದ ಗುಲಾಬಿ ಗರಿಗಳನ್ನೂ ಎದೆಯ ಮೇಲಿನ ಕಪ್ಪು ಪಟ್ಟಿಯನ್ನೂ ದೂರದಿಂದಲೇ ನೋಡಿ ಬರೆಯಿರಿ, ಮರದ ಬುಡಕ್ಕೆ ಹೋಗಿ ಅವನ್ನು ಬೆದರಿಸಬೇಡಿ. ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು, ಏಕೆಂದರೆ ಬಿಸಿಲೇರಿದ ಮೇಲೆ ಕುಂಚದ ನೀರು ಕಾಗದ ಮುಟ್ಟಿದ ಕ್ಷಣವೇ ಆರಿಹೋಗುತ್ತದೆ.